ಕುರು ಒಂದೇ, ಕೋಡ್ ಹತ್ತು: 10060, 10061, 10160ರಲ್ಲಿ ಯಾವುದು ಯಾವಾಗ?

ಮೆಡಿಕಲ್ ಕೋಡಿಂಗ್‌ಗೆ, ಅಂದರೆ ಪೇಷೆಂಟಿನ ಚಾರ್ಟ್ ಓದಿ ರೋಗಕ್ಕೂ ಚಿಕಿತ್ಸೆಗೂ ಬಿಲ್‌ನ ಕೋಡ್ ಹಾಕುವ ಕೆಲಸಕ್ಕೆ, ಬಂದ ಹೊಸತರಲ್ಲಿ ನನ್ನ ಆಡಿಟ್ ಶೀಟ್ ಮೊದಲ ಸಲ ಕೆಂಪಾಗಿದ್ದು ಒಂದು ಕುರುವಿನ ಚಾರ್ಟ್‌ನಿಂದ. ತೊಡೆಯ ಮೇಲೆ ಕುರು, ಎಮರ್ಜೆನ್ಸಿಯಲ್ಲಿ ಕೊಯ್ದು ಕೀವು ತೆಗೆದು ಒಳಗೆ ಗಾಜ್ ಪಟ್ಟಿ ತುರುಕಿದ್ದರು. 'ಪ್ಯಾಕಿಂಗ್' ಅನ್ನೋ ಪದ ಕಂಡ ಕೂಡಲೇ ಕಾಂಪ್ಲಿಕೇಟೆಡ್ (ತೊಡಕಿನ) ಕುರುವಿನ ಕೋಡ್ 10061 ಹಾಕಿ ಮುಂದಿನ ಚಾರ್ಟ್ ತೆರೆದಿದ್ದೆ. ಆಡಿಟರ್ ಬರೆದದ್ದು ಒಂದೇ ಸಾಲು: 'ಕಾಂಪ್ಲಿಕೇಟೆಡ್ ಅಂತ ಎಲ್ಲಿದೆ, ತೋರಿಸಿ.' ಮೂರು ಸಲ ಓದಿದೆ. ಎಲ್ಲೂ ಇರಲಿಲ್ಲ. ನಾನು ಪ್ಯಾಕಿಂಗ್ ನೋಡಿ ಕಷ್ಟದ ಕೇಸೆಂದು ಊಹಿಸಿದ್ದೆ, ಅಷ್ಟೆ.

ಅಲ್ಲಿಂದ ಇಲ್ಲಿವರೆಗೆ ಕುರುವಿನ ಚಾರ್ಟ್ ಸಾವಿರಗಟ್ಟಲೆ ನೋಡಿದ್ದೇನೆ. ಇದು ಚಿಲ್ಲರೆ ಕೇಸು ಅಂತ ಹೊಸಬರು ಬೇಗ ಬೇಗ ಮುಗಿಸುತ್ತಾರೆ; ತಪ್ಪು ಹೆಚ್ಚಾಗಿ ಸಿಗೋದೂ ಇಲ್ಲೇ. ಡಾಕ್ಟರು ಏನೆಂದು ಕರೆದರು ಅನ್ನೋದರ ಮೇಲೆ ಡಯಾಗ್ನೋಸಿಸ್ ಕೋಡ್ ನಿಲ್ಲುತ್ತದೆ. ಅವರ ಕೈಯಲ್ಲಿದ್ದದ್ದು ಚಾಕುವೋ ಸೂಜಿಯೋ, ಅದು ಎಷ್ಟು ಒಳಗೆ ಹೋಗಿ ನಿಂತಿತು ಅನ್ನೋದರ ಮೇಲೆ ಪ್ರೊಸೀಜರ್ ಕೋಡ್ ನಿಲ್ಲುತ್ತದೆ. ಈ ಎರಡನ್ನು ಬೆರೆಸಿಕೊಂಡರೆ ಮುಂದಿನದೆಲ್ಲ ಕಲಸುಮೇಲೋಗರ.

ಇಲ್ಲಿ ಹೇಳೋದೆಲ್ಲ ಅಮೆರಿಕದ ನಿಯಮ. ಬೆಂಗಳೂರು, ಮೈಸೂರಿನಲ್ಲಿ ಕೂತು ಅಲ್ಲಿನ ಚಾರ್ಟ್ ಕೋಡ್ ಮಾಡುವವರಿಗೆ, ಸಿಪಿಸಿ ಅನ್ನುವ ಕೋಡರ್‌ಗಳ ಪರೀಕ್ಷೆಗೆ ಓದುತ್ತಿರುವ ನರ್ಸಿಂಗ್, ಫಾರ್ಮಸಿ, ಲೈಫ್ ಸೈನ್ಸ್ ಹುಡುಗ ಹುಡುಗಿಯರಿಗೆ ಬರೆದದ್ದು. ನಮ್ಮೂರಿನ ಇನ್ಶೂರೆನ್ಸ್ ಕ್ಲೇಮ್ ವಿಚಾರ ಕೊನೆಯಲ್ಲಿ ಸ್ವಲ್ಪ ಬರುತ್ತದೆ.

ಮೊದಲು ಪುಸ್ತಕ ಸರಿಯಾಗಿ ತೆಗೆಯಿರಿ

ರೋಗಕ್ಕೆ ಐಸಿಡಿ-10-ಸಿಎಂ. ಅಮೆರಿಕದಲ್ಲಿ ಇದು ಜಾರಿಗೆ ಬಂದದ್ದು 2015ರ ಅಕ್ಟೋಬರ್ 1ರಂದು. ಪ್ರತಿ ವರ್ಷ ಅದೇ ತಾರೀಖಿಗೆ ಹೊಸ ಆವೃತ್ತಿ. ಡಾಕ್ಟರು ಮಾಡಿದ ಕೆಲಸಕ್ಕೆ ಸಿಪಿಟಿ. ಇದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಸ್ವತ್ತು, ಜನವರಿ 1ಕ್ಕೆ ಬದಲಾಗುತ್ತದೆ. ಪೇಷೆಂಟ್ ಅಡ್ಮಿಟ್ ಆಗಿದ್ದರೆ ಆಸ್ಪತ್ರೆಯ ಬಿಲ್‌ನ ಪ್ರೊಸೀಜರಿಗೆ ಮಾತ್ರ ಐಸಿಡಿ-10-ಪಿಸಿಎಸ್. ಅದೇ ಪೇಷೆಂಟಿಗೆ ಅದೇ ದಿನ ಕುರು ಕೊಯ್ದ ಸರ್ಜನ್ನಿನ ಫೀಸಿಗೆ ಪುನಃ ಸಿಪಿಟಿಯೇ. ಒಂದೇ ಗಾಯ, ಎರಡು ಬಿಲ್, ಎರಡು ಭಾಷೆ. ಹೊಸಬರು ಎಡವುವುದು ಇಲ್ಲಿ: ಇನ್‌ಪೇಷೆಂಟ್ ಅಂದ ಕೂಡಲೇ ಸರ್ಜನ್ನಿನ ಬಿಲ್‌ಗೂ ಪಿಸಿಎಸ್ ಹುಡುಕುತ್ತಾರೆ.

ಹಳೆಯ ಐಸಿಡಿ-9ರಲ್ಲಿ ಕೆಲಸ ಮಾಡಿದ ಹಿರಿಯರಿಗೆ ಇನ್ನೊಂದು ಅಭ್ಯಾಸ ಕೈಬಿಟ್ಟಿಲ್ಲ. ಆಗ ಸೆಲ್ಯುಲೈಟಿಸ್, ಆಬ್ಸೆಸ್ ಎರಡೂ 682ರ ಒಂದೇ ಗೂಡಿನಲ್ಲಿದ್ದವು, ಕಾಲಿಗೆ 682.6 ಹಾಕಿದರೆ ಮುಗಿಯಿತು. ಈಗ ಕೀವುಗಟ್ಟಿದ ಕುರು ಎಲ್02, ಚರ್ಮದಡಿ ಹರಡಿದ ಸೋಂಕು ಎಲ್03. ಚಾರ್ಟ್‌ನಲ್ಲಿ ಡಾಕ್ಟರು ಎರಡನ್ನೂ ಬರೆದಿದ್ದರೆ ಎರಡೂ ಕೋಡ್ ಹಾಕಬೇಕು. ಬಲಗಾಲಿನ ಕುರು, ಸುತ್ತ ಸೆಲ್ಯುಲೈಟಿಸ್ ಅಂದರೆ ಎಲ್02.415 ಮತ್ತು ಎಲ್03.115.

ಅಜ್ಜಿಗೆ ಗೊತ್ತಿದ್ದ ವ್ಯತ್ಯಾಸ

ನಮ್ಮ ಮನೆಯಲ್ಲಿ ಅಜ್ಜಿ ಎಲ್ಲವನ್ನೂ ಕುರು ಅಂತಿರಲಿಲ್ಲ. ಉಗುರಿನ ಬುಡದಲ್ಲಿ ಕೆಂಪಗೆ ಊದಿ ಪಟಪಟ ಸಿಡಿದರೆ ಉಗುರುಸುತ್ತು, ನಿಂಬೆಹಣ್ಣು ತೂತು ಮಾಡಿ ಬೆರಳಿಗೆ ಸಿಕ್ಕಿಸುತ್ತಿದ್ದಳು. ಬೆನ್ನ ಮೇಲೆ ಹಲವು ಬಾಯಿ ಇಟ್ಟುಕೊಂಡು ಬರುವುದು ರಾಜಕುರು; ಅದು ಬಂದರೆ 'ಸಕ್ಕರೆ ಕಾಯಿಲೆ ಇದೆಯಾ ನೋಡಿಸು' ಅನ್ನುತ್ತಿದ್ದಳು. ಐಸಿಡಿ ಹೆಚ್ಚುಕಡಿಮೆ ಹೀಗೇ ಯೋಚಿಸುತ್ತದೆ.

ಎಲ್02ರೊಳಗೆ ಮೂವರು ಅಣ್ಣತಮ್ಮಂದಿರು: ಆಬ್ಸೆಸ್, ಫ್ಯುರಂಕಲ್, ಕಾರ್ಬಂಕಲ್. ಫ್ಯುರಂಕಲ್ ಒಂದು ಕೂದಲ ಬುಡದ ಕುರು. ಅಂಥವು ಹಲವು ಒಳಗೊಳಗೇ ಕೂಡಿಕೊಂಡರೆ ಕಾರ್ಬಂಕಲ್, ಅಜ್ಜಿಯ ರಾಜಕುರು. ಡಾಕ್ಟರು 'ಬಾಯ್ಲ್' ಅಂತ ಬರೆದರೆ ಇಂಡೆಕ್ಸ್ ನಿಮ್ಮನ್ನು ಫ್ಯುರಂಕಲ್‌ಗೆ ಕಳಿಸುತ್ತದೆ, ಆಬ್ಸೆಸ್‌ಗಲ್ಲ. ಬಲಗಾಲಿನ ಬಾಯ್ಲ್ ಎಲ್02.425, ಆಬ್ಸೆಸ್ ಆದರೆ ಎಲ್02.415. ನಡುವಿನ ಒಂದು ಅಂಕಿ ಮಾತ್ರ ಬೇರೆ. ಅದೇ ನೋಟ್‌ನಲ್ಲಿ ಮೇಲೆ 'ಬಾಯ್ಲ್' ಅಂತ ಪೇಷೆಂಟ್ ಹೇಳಿದ್ದು, ಕೆಳಗೆ ಅಸೆಸ್‌ಮೆಂಟ್‌ನಲ್ಲಿ ಡಾಕ್ಟರು 'ಆಬ್ಸೆಸ್' ಅಂತ ಬರೆದದ್ದು ದಿನಾ ಕಾಣುತ್ತದೆ. ಪೇಷೆಂಟ್ ಬಾಯಿಮಾತಿಗೆ ಕೋಡ್ ಇಲ್ಲ, ಅಸೆಸ್‌ಮೆಂಟ್ ನೋಡಿ.

ಉಗುರುಸುತ್ತು ಮಾತ್ರ ಎಲ್02ರಲ್ಲಿ ಇಲ್ಲವೇ ಇಲ್ಲ. ಪ್ಯಾರೊನಿಕಿಯಾ ಹೋಗೋದು ಎಲ್03.0ಗೆ, ಸೆಲ್ಯುಲೈಟಿಸ್ ಮನೆಗೆ: ಬಲಗೈ ಬೆರಳಾದರೆ ಎಲ್03.011, ಎಡಗೈ ಆದರೆ ಎಲ್03.012. ಬೆರಳ ತುದಿಯ ತಿರುಳಿನಲ್ಲಿ ಕೀವು ತುಂಬುವ ಫೆಲನ್ ಕೂಡ ಅಲ್ಲಿಗೇ. ಕೀವು ಕಣ್ಣಿಗೆ ಕಂಡಿದ್ದರೂ ಅಷ್ಟೆ. ಆದರೆ ಉಗುರಿಗೆ ಸಂಬಂಧವಿಲ್ಲದ, ಬೆರಳಿನ ಬೇರೆ ಭಾಗದ ಆಬ್ಸೆಸ್ ಕೈಯ ಗುಂಪಿಗೆ, ಎಲ್02.51ಕ್ಕೆ ಸೇರುತ್ತದೆ.

ಜಾಗದ ಹೆಸರಿನಲ್ಲಿ ಇರುವ ಬಲೆಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಕಂಕುಳು ಮುಂಡದಲ್ಲಿ ಬರುತ್ತದೆ ಅಂದುಕೊಳ್ಳುತ್ತೀರಿ. ಪುಸ್ತಕದ ಪ್ರಕಾರ ಅದು ಕೈಕಾಲಿನ ಗುಂಪು, ಬಲಕ್ಕೆ ಎಲ್02.411, ಎಡಕ್ಕೆ ಎಲ್02.412. ತೊಡೆಸಂದು ಕಾಲಿನದಲ್ಲ, ಮುಂಡದ್ದು, ಎಲ್02.214, ಅದಕ್ಕೆ ಎಡಬಲವೇ ಇಲ್ಲ. ಹೊಕ್ಕುಳಿಗೆ ಸ್ವಂತ ಕೋಡ್ ಇದೆ, ಎಲ್02.216. ನೆತ್ತಿಯ ಕುರು ಮುಖಕ್ಕೆ ಸೇರದು, ಎಲ್02.811. ಮುಖದ ಮೇಲೆಯೇ ಇದ್ದರೂ ಮೂಗಿನದು ಜೆ34.0, ರೆಪ್ಪೆಯದು ಎಚ್00.03 ಗುಂಪು, ಹೊರಗಿವಿಯದು ಎಚ್60.0. ಸ್ತನದ್ದು ಎನ್61.1, ಬಾಣಂತಿಯದಾದರೆ ಅದೂ ಅಲ್ಲ, ಒ91. ಮೊಣಕಾಲಿನ ಹತ್ತಿರದ್ದಾದರೆ ಚರ್ಮದ್ದೋ ಕೀಲಿನೊಳಗಿನದೋ ಓದಿ. ಕೀಲಿನದ್ದು ಎಂ00ರ ದಾರಿ, ಬೇರೆಯದೇ ಕಾಯಿಲೆ.

ಇಷ್ಟರಲ್ಲೂ ನನ್ನನ್ನು ಹೆಚ್ಚು ಕಾಡಿದ್ದು ಕುಂಡೆಯ ಕುರು. ಕುಂಡೆಯ ಚರ್ಮದ ಆಬ್ಸೆಸ್ ಎಲ್02.31. ಗುದದ್ವಾರದ ಪಕ್ಕದ್ದು ಕೆ61.0. ನಡುವೆ ಗೆರೆ ಎಲ್ಲಿ? 'ಕುಂಡೆಯ ಒಳಬದಿ, ಗುದದ ಅಂಚಿನಿಂದ 2 ಸೆಂ.ಮೀ.' ಅಂತ ಡಾಕ್ಟರು ಬರೆದು ಕೊನೆಗೆ ಪೆರಿಯಾನಲ್ ಅಂತಲೂ ಹೇಳದೆ, ಗ್ಲೂಟಿಯಲ್ ಅಂತಲೂ ಹೇಳದೆ ಬರೀ 'ಆಬ್ಸೆಸ್' ಅಂದರೆ, ಸೆಂಟಿಮೀಟರ್ ಲೆಕ್ಕ ಹಿಡಿದು ನಾವು ತೀರ್ಮಾನಿಸುವಂತಿಲ್ಲ. ಇಲ್ಲಿ ಪ್ರೊಸೀಜರ್ ಕೋಡೂ ಬದಲಾಗುತ್ತದೆ: ಕುಂಡೆಯದಕ್ಕೆ 10060 ಗುಂಪು, ಮೇಲ್ಪದರದ ಪೆರಿಯಾನಲ್‌ಗೆ 46050, ಇನ್ನೂ ಒಳಗಿನ ಇಸ್ಕಿಯೋರೆಕ್ಟಲ್‌ಗೆ 46040. ಕೇಳದೆ ಹಾಕುವ ಜಾಗವಲ್ಲ ಇದು. ಬಾಲಮೂಳೆಯ ಮೇಲಿನ ಪೈಲೊನೈಡಲ್ ಸಿಸ್ಟ್ ಕೀವುಗಟ್ಟಿದ್ದರೆ ಎಲ್05.01, ಕೊಯ್ದದ್ದಕ್ಕೆ 10080 ಅಥವಾ 10081. ಅದಕ್ಕೆ 10060 ಹಾಕುವುದು ತುಂಬ ಹಳೆಯ, ತುಂಬ ಸಾಮಾನ್ಯವಾದ ತಪ್ಪು.

ಕಲ್ಚರ್ ರಿಪೋರ್ಟ್‌ನಲ್ಲಿ ರೋಗಾಣು ಸಿಕ್ಕಿ ಡಾಕ್ಟರು ಅದನ್ನು ನೋಟ್‌ಗೆ ತಂದಿದ್ದರೆ ಬಿ95–ಬಿ96ರಿಂದ ಒಂದು ಹೆಚ್ಚಿನ ಕೋಡ್: ಮೆಥಿಸಿಲಿನ್ ಔಷಧಕ್ಕೆ ಬಗ್ಗದ ಸ್ಟಾಫ್ ಬ್ಯಾಕ್ಟೀರಿಯಾ, ಅಂದರೆ ಎಂಆರ್‌ಎಸ್‌ಎಗೆ ಬಿ95.62, ಆ ಔಷಧಕ್ಕೆ ಬಗ್ಗುವ ಸ್ಟಾಫ್‌ಗೆ ಬಿ95.61. ಲ್ಯಾಬ್ ಪುಟದಲ್ಲಿ ಮಾತ್ರ ಇದ್ದು ಡಾಕ್ಟರು ಒಂದಕ್ಷರವೂ ಬರೆಯದಿದ್ದರೆ ಹಾಕಬೇಡಿ. ಬಿ95.62 ಹಾಕಿದ ಮೇಲೆ ಪೆನಿಸಿಲಿನ್ ಪ್ರತಿರೋಧದ ಝಡ್16.11 ಜೊತೆಗೂಡಿಸಬೇಡಿ, ಅದು ಅದರಲ್ಲೇ ಇದೆ.

ಸಕ್ಕರೆ ಕಾಯಿಲೆ ಮತ್ತು ಕುರು: ಅಜ್ಜಿ ಎರಡನ್ನೂ ಗಂಟು ಹಾಕಿದಳು, ನಾವು ಹಾಕುವಂತಿಲ್ಲ. ಡಯಾಬಿಟಿಸ್ ಜೊತೆ ನ್ಯೂರೋಪತಿ (ನರದ ತೊಂದರೆ) ಕಂಡರೆ ಇಂಡೆಕ್ಸಿನ 'ವಿತ್' ನಿಯಮ ಎರಡನ್ನೂ ತಾನಾಗಿ ಜೋಡಿಸುತ್ತದೆ. ಕುರುವಿಗೆ ಆ ಸೌಲಭ್ಯವಿಲ್ಲ, ಯಾಕೆಂದರೆ ಡಯಾಬಿಟಿಸ್ ಕೆಳಗೆ ಅದು ಬೀಳುವ 'ಇತರ ಚರ್ಮದ ತೊಂದರೆ' ಅನ್ನೋದು ಎಲ್ಲವನ್ನೂ ತುಂಬುವ ಚೀಲ. ಡಾಕ್ಟರು ಸಂಬಂಧ ಹೇಳಿದರೆ ಇ11.628 ಮತ್ತು ಎಲ್02. ಹೇಳದಿದ್ದರೆ ಎಲ್02, ಪಕ್ಕದಲ್ಲಿ ಇ11.9. ಸಕ್ಕರೆ ಏರಿದೆ, ಹೈಪರ್‌ಗ್ಲೈಸೀಮಿಯಾ ಅಂತ ಬರೆದಿದ್ದರೆ ಇ11.65.

ಚಾಕು, ಸೂಜಿ, ಆಳ

ಈಗ ನಿಜವಾದ ಜಗಳ. ಸಿಪಿಟಿಯ ಮಾತಿನಲ್ಲಿ 10060 ಅಂದರೆ ಆಬ್ಸೆಸ್ ಕೊಯ್ದು ಬರಿದು ಮಾಡುವುದು, ಸಿಂಪಲ್ ಅಥವಾ ಸಿಂಗಲ್. 10061 ಅಂದರೆ ಕಾಂಪ್ಲಿಕೇಟೆಡ್ ಅಥವಾ ಮಲ್ಟಿಪಲ್. ಕಾಂಪ್ಲಿಕೇಟೆಡ್ ಅಂದರೇನು ಅಂತ ಪುಸ್ತಕ ಬಿಡಿಸಿ ಹೇಳುವುದಿಲ್ಲ. ಅದನ್ನು ಡಾಕ್ಟರ ಕೈಗೆ ಬಿಟ್ಟಿದೆ. ಹಾಗಾಗಿ ನೋಟ್ ಮಾತಾಡಬೇಕು.

ಎರಡು ನೋಟ್ ಪಕ್ಕಪಕ್ಕ ಇಡುತ್ತೇನೆ. ಎರಡೂ ನಾನೇ ಹೊಂದಿಸಿ ಬರೆದದ್ದು. ಪೇಷೆಂಟ್ ಚಾರ್ಟಿನ ಸಾಲು ಹೊರಗೆ ಬಂದರೆ ಹಿಪಾ ಕಾಯ್ದೆ ಬಿಡುವುದಿಲ್ಲ.

ಒಂದು: 'ಬಲ ತೊಡೆಯ ಹೊರಭಾಗ, 3 ಸೆಂ.ಮೀ., ಮೆತ್ತಗಾಗಿದೆ. 1% ಲಿಡೋಕೇನ್. 11ನೇ ನಂಬರ್ ಬ್ಲೇಡಿನಿಂದ 1 ಸೆಂ.ಮೀ. ಕೊಯ್ತ. ಸುಮಾರು 5 ಮಿ.ಲೀ. ಕೀವು. ಸಲೈನ್‌ನಲ್ಲಿ ತೊಳೆದು ಗಾಜ್ ಪಟ್ಟಿ ಇಟ್ಟು ಡ್ರೆಸಿಂಗ್. ಎರಡು ದಿನ ಬಿಟ್ಟು ಬರಲು ಹೇಳಿದೆ.'

ಎರಡು: 'ಎಡ ಕಂಕುಳು, 6 ಸೆಂ.ಮೀ. 3 ಸೆಂ.ಮೀ. ಕೊಯ್ತ, ದಟ್ಟ ಕೀವು. ಹೀಮೋಸ್ಟಾಟ್ ತೂರಿಸಿ ಒಳಗಿನ ಗೂಡುಗಳನ್ನು ಒಡೆದೆ. ಹಿಂಬದಿಯಲ್ಲಿ ಇನ್ನೊಂದು ಗೂಡು ಸಿಕ್ಕಿತು, ಅದಕ್ಕೆ ಎರಡನೆಯ ಕೊಯ್ತ. ಪೆನ್‌ರೋಸ್ ಡ್ರೇನ್ ಇಟ್ಟೆ.'

ಮೊದಲನೆಯದು 10060. ಗಾಜ್ ಪಟ್ಟಿ ಇದ್ದರೂ 10060. ಎರಡನೆಯದು ಒಂದೇ ಕುರು ಆದರೂ 10061. ಗೂಡು ಒಡೆದದ್ದು, ಎರಡನೆಯ ಕೊಯ್ತ, ಡ್ರೇನ್, ಮೂರೂ ಮಾತಾಡುತ್ತವೆ. ಪ್ಯಾಕಿಂಗ್ ಒಂದೇ ಇದ್ದರೆ ಸಾಕೇ ಅನ್ನೋದು ಇನ್ನೂ ಚರ್ಚೆ. ಕೆಲವು ಪೇಯರ್‌ಗಳು, ಅಂದರೆ ಬಿಲ್ ಕಟ್ಟುವ ಇನ್ಶೂರೆನ್ಸ್‌ನವರು, ಒಪ್ಪುತ್ತವೆ, ಕೆಲವು ವಾಪಸ್ ಕಳಿಸುತ್ತವೆ. ನಿಮ್ಮ ಪ್ರಾಜೆಕ್ಟಿನ ಗೈಡ್‌ಲೈನ್ ಏನು ಹೇಳುತ್ತದೋ ಅದೇ ಅಂತಿಮ. ಅದು ಮೌನವಾಗಿದ್ದರೆ ನಾನು 10060ರಲ್ಲೇ ನಿಲ್ಲುತ್ತೇನೆ. ಕೆಂಪು ಬಿದ್ದ ಶೀಟ್ ಇನ್ನೂ ಕಣ್ಣ ಮುಂದಿದೆ.

'ಅಥವಾ' ಅನ್ನೋ ಪದವನ್ನು ಯಾರೂ ನಿಧಾನವಾಗಿ ಓದುವುದಿಲ್ಲ. ಎರಡು ಕುರು, ಎರಡೂ ಸರಳ, ಎರಡನ್ನೂ ಕೊಯ್ದರು: ಆಗ 10060 ಎರಡು ಸಲ ಅಲ್ಲ, 10061 ಒಂದು ಸಲ. ಐದು ಕೊಯ್ದರೂ ಒಂದೇ ಸಲ. 'ಮಲ್ಟಿಪಲ್' ಆ ಕೋಡಿನೊಳಗೇ ಇದೆ. 10060 ಮತ್ತು 10061 ಎರಡನ್ನೂ ಒಂದೇ ಭೇಟಿಗೆ ಹಾಕಿ ಮೇಲೆ 59 ಮಾಡಿಫೈಯರ್ (ಇದು ಬೇರೆಯದೇ ಪ್ರೊಸೀಜರ್ ಅಂತ ಕೋಡಿನ ಬಾಲಕ್ಕೆ ಹಾಕುವ ಗುರುತು) ಅಂಟಿಸಿದ ಕ್ಲೇಮ್ ನೋಡಿದ್ದೇನೆ. ಆ 59 ಯಾವ ಧೈರ್ಯದ ಮೇಲೆ ಬಂತೋ ಗೊತ್ತಿಲ್ಲ.

10160 ಸೂಜಿಯ ಕೋಡ್. ಸಿರಿಂಜ್ ಚುಚ್ಚಿ ಕೀವು ಎಳೆದರು, ಕೊಯ್ಯಲಿಲ್ಲ ಅಂದರೆ ಇದು. ಸೂಜಿಯಿಂದ ಶುರುಮಾಡಿ ಕೀವು ಗಟ್ಟಿ ಇದ್ದುದರಿಂದ ಅದೇ ಜಾಗದಲ್ಲಿ ಕೊಯ್ದರೆ ಕೊಯ್ದದ್ದಕ್ಕೆ ಮಾತ್ರ ಕೋಡ್. ಸೂಜಿ ಅದರೊಳಗೆ ಕರಗಿತು. ಬೆನ್ನಿನ ಕುರು ಕೊಯ್ದು, ತೋಳಿನ ಇನ್ನೊಂದನ್ನು ಸೂಜಿಯಿಂದ ಎಳೆದರೆ ಮಾತ್ರ 10060ರ ಜೊತೆ 10160ಕ್ಕೆ 59 ಅಥವಾ ಎಕ್ಸ್ಎಸ್ (ಬೇರೆ ಜಾಗ) ಮಾಡಿಫೈಯರ್. ಸ್ಕ್ಯಾನ್ ನೋಡುತ್ತಾ ಚರ್ಮದ ಮೂಲಕ ಕ್ಯಾತಿಟರ್ ಒಳಗಿಟ್ಟು ಬಿಟ್ಟುಬಂದರೆ ಅದು 10030. ಅದರಲ್ಲಿ ಸ್ಕ್ಯಾನ್‌ನ ಮಾರ್ಗದರ್ಶನವೂ ಸೇರಿದೆ, ಬೇರೆ ಹಾಕಬೇಡಿ.

ಇನ್ನು ಯಾರೂ ಕೊಯ್ಯದ ಕುರು. 'ಬರುವ ದಾರಿಯಲ್ಲೇ ಒಡೆಯಿತು, ಒತ್ತಿ ಕೀವು ತೆಗೆದು ಒರೆಸಿ ಬ್ಯಾಂಡೇಜ್ ಹಾಕಿದೆ.' ಕೊಯ್ತ ಎಲ್ಲಿದೆ? ಇಲ್ಲ. ಹಾಗಾದರೆ 10060 ಇಲ್ಲ. ಪೇಷೆಂಟನ್ನು ನೋಡಿ ಸಲಹೆ ಕೊಟ್ಟ ಭೇಟಿಗೆ ಹಾಕುವ ಇ ಅಂಡ್ ಎಂ ಕೋಡ್ ಮಾತ್ರ. ಡಾಕ್ಟರು 'ಐ ಅಂಡ್ ಡಿ (ಕೊಯ್ದು ಬರಿದು ಮಾಡುವುದು) ಮಾಡಲಾಯಿತು' ಅಂತ ಕೊನೆಗೆ ಸೇರಿಸಿದ್ದರೂ ಒಳಗಿನ ವಿವರದಲ್ಲಿ ಬ್ಲೇಡಿನ ಸುಳಿವೇ ಇಲ್ಲದಿದ್ದರೆ ಪ್ರಶ್ನೆ ಕಳಿಸಿ.

ಬೆರಳಿಗೆ ಬಂದಾಗ ಸಿಪಿಟಿ, ಐಸಿಡಿ ಎರಡೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡುತ್ತವೆ. ಐಸಿಡಿಯಲ್ಲಿ ಉಗುರುಸುತ್ತು, ಫೆಲನ್ ಒಂದೇ ಮನೆಯವು ಅಂದೆನಲ್ಲ. ಸಿಪಿಟಿಯಲ್ಲಿ ಉಗುರುಸುತ್ತು 10060ರ ವಿವರಣೆಯೊಳಗೇ ಹೆಸರು ಹಿಡಿದು ಬರುತ್ತದೆ, ಫೆಲನ್ 26011ರಲ್ಲಿ. ಉಗುರಿನ ಪಕ್ಕದ ಮಡಿಕೆಯನ್ನು ಎತ್ತಿ ಕೀವು ಬಿಟ್ಟರೆ 10060. ಬೆರಳ ತಿರುಳನ್ನು ಕೊಯ್ದು ಒಳಗಿನ ತಡಿಕೆಗಳನ್ನು ಬಿಡಿಸಿದರೆ 26011, ಬಲಗೈ ತೋರುಬೆರಳಾದರೆ ಎಫ್6 ಮಾಡಿಫೈಯರ್. ಬೆರಳಿನ ಸರಳ ಆಬ್ಸೆಸ್‌ಗೆ 26010 ಇದೆ. ಎರಡು ಸೆಂಟಿಮೀಟರಿನ ಅಂತರದಲ್ಲಿ ಮೂರು ಕೋಡ್!

ಆಳದ ವಿಚಾರ. 10060, 10061 ಚರ್ಮ ಮತ್ತು ಅದರಡಿಯ ಕೊಬ್ಬಿನ ಪದರಕ್ಕೆ. ಡಾಕ್ಟರು ಫ್ಯಾಸಿಯಾ (ಸ್ನಾಯುವಿನ ಹೊದಿಕೆ) ದಾಟಿ ಸ್ನಾಯುವಿನ ಮಟ್ಟಕ್ಕೆ ಇಳಿದಿದ್ದರೆ ಇಂಟೆಗ್ಯುಮೆಂಟರಿ (ಚರ್ಮದ) ಅಧ್ಯಾಯ ಬಿಟ್ಟು ಮಸ್ಕ್ಯುಲೋಸ್ಕೆಲಿಟಲ್ (ಸ್ನಾಯು, ಮೂಳೆಯ) ಅಧ್ಯಾಯಕ್ಕೆ ಹೋಗಿ: ಮೇಲ್ತೋಳು, ಮೊಣಕೈಗೆ 23930, ಮೊಣಕಾಲ ಕೆಳಗಿನ ಕಾಲು, ಹರಡಿಗೆ 27603. 'ಡೀಪ್' ಅನ್ನೋ ಒಂದೇ ಪದ ನೋಡಿ ಓಡಬೇಡಿ. 'ಆಳವಾದ ಕುರು, ಸಬ್‌ಕ್ಯುಟೇನಿಯಸ್ (ಚರ್ಮದಡಿಯ) ಪದರದಲ್ಲಿ' ಅಂತ ಬರೆದು ಕೆಲವರು ನಮ್ಮನ್ನು ಗೊಂದಲಕ್ಕೆ ಕೆಡವುತ್ತಾರೆ. ಪದರದ ಹೆಸರು ಗೆಲ್ಲುತ್ತದೆ, ವಿಶೇಷಣ ಅಲ್ಲ.

ಕೀವಲ್ಲ, ಹೆಪ್ಪುಗಟ್ಟಿದ ರಕ್ತ ಅಥವಾ ಸೀರೋಮ (ತಿಳಿನೀರು ತುಂಬಿದ ಊತ) ಅಂದರೆ 10140. ಆಪರೇಷನ್ ಆದ ಗಾಯದಲ್ಲೇ ಸೋಂಕಾಗಿ ಮತ್ತೆ ಕೊಯ್ಯುವ ಕಾಂಪ್ಲೆಕ್ಸ್ ಕೇಸಿಗೆ 10180. ಆಗ ಡಯಾಗ್ನೋಸಿಸ್ ಎಲ್02 ಮೊದಲು ಬರುವುದಿಲ್ಲ, ಟಿ81.41ಎಕ್ಸ್ಎ ಅಥವಾ ಆಳಕ್ಕೆ ತಕ್ಕಂತೆ ಟಿ81.42ಎಕ್ಸ್ಎ ಮೊದಲು. ಅದನ್ನು ಹಾಕಲೂ ಇದು ಆಪರೇಷನ್ನಿನಿಂದ ಬಂದದ್ದು ಅಂತ ಡಾಕ್ಟರು ಹೇಳಿರಬೇಕು. ಗಾಯದ ಪಕ್ಕ ಕುರು ಇತ್ತು ಅನ್ನುವುದು ಸಾಲದು.

ಕಂಕುಳಲ್ಲಿ ಪದೇಪದೇ ಬರುವ ಹೈಡ್ರಡಿನೈಟಿಸ್, ಎಲ್73.2, ಇನ್ನೊಂದು ಕವಲುದಾರಿ. ಕೊಯ್ದು ಕೀವು ಬಿಟ್ಟರೆ 10060 ಗುಂಪೇ. ರೋಗಪೀಡಿತ ಚರ್ಮವನ್ನೇ ಕತ್ತರಿಸಿ ತೆಗೆದರೆ 11450ರಿಂದ 11471. ಸಿಸ್ಟ್‌ಗೂ ಇದೇ ಮಾತು: ಕೀವಷ್ಟೇ ಹೊರಬಂತೋ, ಚೀಲವೂ ಬಂತೋ? ಚೀಲ ಸಮೇತ ಎಕ್ಸಿಷನ್ ಆಗಿದ್ದರೆ 11400ರ ಸಾಲು, ಅದಕ್ಕೆ ಸೆಂಟಿಮೀಟರ್ ಅಳತೆ ಬೇಕೇ ಬೇಕು.

ಪಿಸಿಎಸ್‌ನಲ್ಲಿ ಈ ಸಿಂಪಲ್, ಕಾಂಪ್ಲಿಕೇಟೆಡ್ ಗಲಾಟೆಯೇ ಇಲ್ಲ. ಅಲ್ಲಿ ಕೇಳೋದು ಪದರ. ರೂಟ್ ಆಪರೇಷನ್ ಡ್ರೈನೇಜ್. ಚರ್ಮವಾದರೆ 0ಎಚ್9 ಕೋಷ್ಟಕ, ಚರ್ಮದಡಿಯ ಪದರವಾದರೆ 0ಜೆ9. ಬಲ ಕೆಳಗಾಲಿನ ಚರ್ಮದಡಿಯ ಕುರು ತೆರೆದು ಬರಿದು ಮಾಡಿದ್ದಕ್ಕೆ 0ಜೆ9ಎನ್0ಝಡ್‌ಝಡ್. ಪರೀಕ್ಷೆಗೆಂದೇ ಕೀವು ತೆಗೆದದ್ದಾದರೆ ಕೊನೆಯ ಅಕ್ಷರ ಎಕ್ಸ್. ಕುರುವಿನ ಮಟ್ಟಿಗೆ ಪಿಸಿಎಸ್ ಎಲ್ಲರೂ ಹೆದರಿಸುವಷ್ಟು ಕಷ್ಟದ್ದಲ್ಲ. ಡಾಕ್ಟರು ಪದರ ಬರೆದಿದ್ದರೆ.

25 ಹಾಕಲೇ, ಬಿಡಲೇ

10060, 10061, 10160ಕ್ಕೆ ಅಮೆರಿಕ ಸರ್ಕಾರದ ಇನ್ಶೂರೆನ್ಸ್ ಮೆಡಿಕೇರ್ ಲೆಕ್ಕದಲ್ಲಿ 10 ದಿನದ ಗ್ಲೋಬಲ್ (ಆ ದಿನಗಳ ಆರೈಕೆಯೂ ಪ್ರೊಸೀಜರಿನ ಹಣದಲ್ಲೇ). ಅಂದರೆ ಮೈನರ್ ಪ್ರೊಸೀಜರ್. ಮೈನರ್ ಪ್ರೊಸೀಜರ್‌ನಲ್ಲಿ 'ಕೊಯ್ಯೋಣ' ಅನ್ನುವ ತೀರ್ಮಾನವೂ ಪ್ರೊಸೀಜರಿನ ಹಣದಲ್ಲೇ ಸೇರಿದೆ. ಆ ತೀರ್ಮಾನಕ್ಕೆ ಹಾಕುವ 57 ಮಾಡಿಫೈಯರ್ ಇಲ್ಲಿಗೆ ಬರುವುದಿಲ್ಲ, ಅದು 90 ದಿನದವಕ್ಕೆ. ಸ್ಥಳೀಯ ಅರಿವಳಿಕೆ, ಕೀವಿನ ಸ್ಯಾಂಪಲ್ ತೆಗೆಯುವುದು, ಡ್ರೆಸಿಂಗ್ ಎಲ್ಲವೂ ಒಳಗೇ.

ಪೇಷೆಂಟ್ ಕುರು ತೋರಿಸಲು ಬಂದರು, ನೋಡಿದರು, ಕೊಯ್ದರು, ಕಳಿಸಿದರು. ಇ ಅಂಡ್ ಎಂ ಇಲ್ಲ. ಅದೇ ಪೇಷೆಂಟಿನ ಸಕ್ಕರೆ 380 ಇತ್ತು, ಇನ್ಸುಲಿನ್ ಪ್ರಮಾಣ ಬದಲಿಸಿದರು, ಬಿಪಿ ಮಾತ್ರೆ ಹೊಂದಿಸಿದರು: ಅದು ಬೇರೆ ಕೆಲಸ, ಇ ಅಂಡ್ ಎಂ ಕೋಡಿಗೆ 25 ಮಾಡಿಫೈಯರ್ ಹಾಕಿ. ಕುರುವಿನ ಸುತ್ತ ದೊಡ್ಡದಾಗಿ ಹರಡಿದ ಸೆಲ್ಯುಲೈಟಿಸ್‌ಗೆ ಆಂಟಿಬಯಾಟಿಕ್ ಕೊಟ್ಟದ್ದು ಬೇರೆಯೋ ಅಲ್ಲವೋ ಅಂತ ಟೀಮ್ ಲೀಡ್‌ಗಳೇ ಒಪ್ಪುವುದಿಲ್ಲ. ನಾನು ಹೀಗೆ ನೋಡುತ್ತೇನೆ: ಪ್ರೊಸೀಜರ್ ಪ್ಯಾರಾವನ್ನು ಕೈಯಿಂದ ಮುಚ್ಚಿ, ಉಳಿದದ್ದು ಒಂದು ಪೂರ್ತಿ ಭೇಟಿಯಂತೆ ನಿಲ್ಲುತ್ತದೆಯೇ? ಜ್ವರ, ಕೆಂಪು ಎಷ್ಟು ದೂರ ಹರಡಿದೆ ಅನ್ನುವ ಗುರುತು, ರಕ್ತಪರೀಕ್ಷೆ, ಅಡ್ಮಿಟ್ ಮಾಡಬೇಕೇ ಅನ್ನುವ ಯೋಚನೆ ಅಲ್ಲಿದ್ದರೆ ನಿಲ್ಲುತ್ತದೆ. 'ಕೆಫಲೆಕ್ಸಿನ್ 7 ದಿನ' ಅನ್ನುವ ಒಂಟಿ ಸಾಲಿನ ಮೇಲೆ ನಿಲ್ಲುವುದಿಲ್ಲ.

ಎರಡು ದಿನ ಬಿಟ್ಟು ಗಾಜ್ ತೆಗೆಸಲು ಅದೇ ಕ್ಲಿನಿಕ್ಕಿಗೆ ಬಂದರೆ ಆ ಭೇಟಿ ಗ್ಲೋಬಲ್‌ನಲ್ಲಿ ಮುಳುಗಿತು. ಅದೇ 10 ದಿನದೊಳಗೆ ಬೇರೆ ಜಾಗದಲ್ಲಿ ಹೊಸ ಕುರು ಬಂದು ಕೊಯ್ದರೆ ಆ ಪ್ರೊಸೀಜರಿಗೆ 79 ಮಾಡಿಫೈಯರ್. ಕೆಮ್ಮಿಗೆ ಬಂದಿದ್ದರೆ ಇ ಅಂಡ್ ಎಂ ಮೇಲೆ 24.

ಕೇಳುವುದೋ, ಊಹಿಸುವುದೋ

ಹೆಡರ್‌ನಲ್ಲಿ ಬಲ ತೊಡೆ, ಪ್ರೊಸೀಜರ್‌ನಲ್ಲಿ ಎಡ ತೊಡೆ. ತಿಂಗಳಿಗೆ ಎರಡಾದರೂ ಇಂಥದ್ದು ಬರುತ್ತದೆ. ಟೆಂಪ್ಲೇಟ್ ಕಾಪಿ ಮಾಡಿದ್ದರ ಫಲ. ಪ್ರೊಸೀಜರ್ ನೋಟನ್ನೇ ನಂಬಿ ಬಿಡೋಣ ಅಂತ ನೈಟ್ ಶಿಫ್ಟಿನ ಮೂರು ಗಂಟೆಗೆ ಅನ್ನಿಸುವುದು ಸಹಜ. ಬೇಡ. ಡಾಕ್ಟರಿಗೆ ಕ್ವೆರಿ (ಬರೆದು ಕೇಳುವ ಪ್ರಶ್ನೆ) ಕಳಿಸಿ. ಎಲ್02.419, ಅಂದರೆ ಯಾವ ಕೈಕಾಲೋ ಗೊತ್ತಿಲ್ಲ ಅನ್ನುವ ಕೋಡ್, ಕ್ವೆರಿಗೆ ಬದಲಿ ಅಲ್ಲ. ಅದು ಹಲವು ಪೇಯರ್‌ಗಳಲ್ಲಿ ಡಿನೈಯಲ್‌ಗೆ (ಬಿಲ್ ನಿರಾಕರಣೆಗೆ) ಆಹ್ವಾನ.

ಕ್ವೆರಿ ಬರೆಯುವ ರೀತಿಯಲ್ಲೂ ಆಯ್ಕೆ ಇದೆ. 'ಗೂಡುಗಳನ್ನು ಒಡೆದಿರಿ ತಾನೆ, 10061 ಹಾಕಬಹುದಾ?' ಅಂತ ಕೇಳಿದರೆ ಡಾಕ್ಟರ ಬಾಯಿಗೆ ಉತ್ತರ ತುರುಕಿದಂತೆ. ನಿಯಮವೂ ಒಪ್ಪುವುದಿಲ್ಲ, ಹಣದ ಮಾತಂತೂ ಬರಲೇಬಾರದು. 'ಎಡ ಕಂಕುಳಿನ ಪ್ರೊಸೀಜರ್‌ನಲ್ಲಿ ಕೊಯ್ತದ ನಂತರದ ವಿವರ ಇಲ್ಲ. ಒಳಗೆ ಮಾಡಿದ್ದನ್ನು ದಯವಿಟ್ಟು ಅಡೆಂಡಮ್‌ನಲ್ಲಿ ದಾಖಲಿಸಿ' ಅಂದರೆ ಸಾಕು. ಒಬ್ಬ ಡಾಕ್ಟರಿಗೆ ಹೀಗೆ ನಾಲ್ಕು ಸಲ ಕಳಿಸಿದ ಮೇಲೆ ಐದನೆಯ ನೋಟ್‌ನಲ್ಲಿ ಜಾಗ, ಬದಿ, ಅಳತೆ, ಪದರ, ಕೊಯ್ತದ ಉದ್ದ, ಕೀವಿನ ಪ್ರಮಾಣ, ಗೂಡು ಇತ್ತೋ ಇಲ್ಲವೋ, ಒಳಗೆ ಏನಿಟ್ಟರು, ಎಲ್ಲ ಒಂದೇ ಪ್ಯಾರಾದಲ್ಲಿ ಬಂದಿತ್ತು. ಸಿಟ್ಟಿನಿಂದ ಬರೆದದ್ದು ಅಂತ ಕಾಣುತ್ತಿತ್ತು. ಆದರೂ ಖುಷಿಯಾಯಿತು.

'ಆಬ್ಸೆಸ್ ಇರಬಹುದು, ಸೆಲ್ಯುಲೈಟಿಸ್' ಅಂತ ಕ್ಲಿನಿಕ್ ನೋಟ್‌ನಲ್ಲಿದ್ದರೆ ಸೆಲ್ಯುಲೈಟಿಸ್ ಮಾತ್ರ. ಹೊರರೋಗಿಗೆ 'ಇರಬಹುದು', 'ಅನುಮಾನ' ಇವಕ್ಕೆ ಕೋಡ್ ಇಲ್ಲ. ಅಡ್ಮಿಟ್ ಆದವರ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದೇ ಮಾತು ಕೊನೆಯವರೆಗೂ ಉಳಿದಿದ್ದರೆ ಆಸ್ಪತ್ರೆಯ ಬಿಲ್‌ಗೆ ಇದ್ದಂತೆಯೇ ಹಾಕುತ್ತಾರೆ. ಈ ಒಂದು ವ್ಯತ್ಯಾಸ ಸಿಪಿಸಿಯ 100 ಪ್ರಶ್ನೆಗಳಲ್ಲಿ ಯಾವ ವೇಷದಲ್ಲಾದರೂ ಬರಬಹುದು.

ನಮ್ಮೂರಿನ ಕ್ಲೇಮ್‌ಗೆ

ಮನೆಯವರು 'ನೀನು ಕೋಡಿಂಗ್ ಮಾಡೋಳಲ್ವಾ, ಮಾವನ ಇನ್ಶೂರೆನ್ಸ್ ಫಾರ್ಮ್ ನೋಡು' ಅಂತ ತಂದುಕೊಡುತ್ತಾರೆ. ಇಲ್ಲಿ ಸಿಪಿಟಿ ಇಲ್ಲ. ಕ್ಲೇಮ್ ಫಾರ್ಮಿನ ಬಿ ಭಾಗವನ್ನು ಆಸ್ಪತ್ರೆ ತುಂಬುತ್ತದೆ. ಅದರಲ್ಲಿ ಐಸಿಡಿ-10 ಕೋಡಿಗೂ, ಪ್ರೊಸೀಜರಿಗೂ ಜಾಗ ಇದೆ. ನಮ್ಮ ಆಸ್ಪತ್ರೆಗಳು ಸಾಮಾನ್ಯವಾಗಿ ಬರೆಯುವುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10. ಅದರಲ್ಲಿ ಕೈಕಾಲಿನ ಕುರು ಎಲ್02.4 ಅಂತ ನಿಂತುಬಿಡುತ್ತದೆ, ಎಡಬಲದ ಅಂಕಿಯೇ ಇಲ್ಲ, ಕುರು ಮತ್ತು ರಾಜಕುರುವಿಗೆ ಬೇರೆ ಅಂಕಿಯೂ ಇಲ್ಲ. ಆದ್ದರಿಂದ ಬದಿ ಗೊತ್ತಾಗುವುದು ಡಿಸ್ಚಾರ್ಜ್ ಸಮ್ಮರಿಯ ಅಕ್ಷರಗಳಿಂದ ಮಾತ್ರ. ಸಮ್ಮರಿಯಲ್ಲಿ ಬಲ, ಓಟಿ ನೋಟ್‌ನಲ್ಲಿ ಎಡ ಅಂತಿದ್ದರೆ ಡಿಸ್ಚಾರ್ಜ್ ಆಗುವ ಮೊದಲೇ ತಿದ್ದಿಸಿಕೊಳ್ಳಿ, ಆಮೇಲೆ ಸಹಿಗಾಗಿ ಅಲೆದಾಟ.

ಇನ್ನೊಂದು, 24 ಗಂಟೆ. ಕುರು ಕೊಯ್ಯಲು ಅಷ್ಟು ಹೊತ್ತು ಬೇಕಿಲ್ಲ, ಹಾಗಾಗಿ ಡೇ ಕೇರ್ ಅಂತ ಕ್ಲೇಮ್ ಹೋಗುತ್ತದೆ. ಡೇ ಕೇರ್ ಅನ್ನಿಸಿಕೊಳ್ಳಲು ಅರಿವಳಿಕೆ ಕೊಟ್ಟು ಆಸ್ಪತ್ರೆಯಲ್ಲೋ ಡೇ ಕೇರ್ ಸೆಂಟರ್‌ನಲ್ಲೋ ಮಾಡಿರಬೇಕು, ಹೊರರೋಗಿ ಕೋಣೆಯ ಚಿಕಿತ್ಸೆ ಅದರಲ್ಲಿ ಸೇರದು. ಮಾವನ ಸಮ್ಮರಿಯಲ್ಲಿ ಬರೆದದ್ದು ಇಷ್ಟೇ: 'ಐ ಅಂಡ್ ಡಿ ಡನ್.' ಯಾವ ಅರಿವಳಿಕೆ, ಎಷ್ಟು ಗಂಟೆಗೆ ಓಟಿಗೆ ಹೋದರು, ಎಷ್ಟು ದೊಡ್ಡ ಕುರು, ಒಂದೂ ಇಲ್ಲ. ವಾಪಸ್ ಹೋಗಿ ಓಟಿ ನೋಟಿನ ನಕಲು ತಂದು ಲಗತ್ತಿಸಿದೆವು. ಅದರಲ್ಲಿ ಎರಡು ಕೊಯ್ತ, ಒಡೆದ ಗೂಡು ಎಲ್ಲ ನೀಟಾಗಿತ್ತು. ಅಮೆರಿಕದ ಚಾರ್ಟ್ ಆಗಿದ್ದರೆ ಕಣ್ಣುಮುಚ್ಚಿ 10061 ಹಾಕುತ್ತಿದ್ದೆ.